ಚೂರಿ ಒರೆಯ ಬೆಲ್ಟ್ ಕ್ಲಿಪ್ಪು ಬಾಯಿ ಬಿಡ್ತಾ ಇದೆ, ಏನು ಮಾಡಲಿ?

ತೋಟದ ಹುಡುಗ:
ನಮಸ್ಕಾರ. ಅಡಿಕೆ ತೋಟಕ್ಕೆ ಹೋಗುವಾಗ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಚೂರಿಗೆ ಚರ್ಮದ ಒರೆ ನಾನೇ ಹೊಲಿದಿದ್ದೇನೆ. ಬೆಲ್ಟು ಬಿಚ್ಚದೆ ಹಾಕಿ ತೆಗೆಯೋಕೆ ಆಗಲಿ ಅಂತ 1 ಮಿ.ಮೀ. ಜಿ.ಐ. ತಗಡು ಕತ್ತರಿಸಿ, ಬಗ್ಗಿಸಿ, ಒಂದು ಕಬ್ಬಿಣದ ರಿವೆಟ್ಟು ಹೊಡೆದು ಕ್ಲಿಪ್ಪು ಮಾಡಿದೆ. ನಾಲ್ಕು ದಿನ ಗಟ್ಟಿ ಇತ್ತು. ಆಮೇಲೆ ಬಾಯಿ ಬಿಟ್ಟಿತು. ಇಕ್ಕಳದಲ್ಲಿ ಒತ್ತಿದರೆ ಮತ್ತೆ ಎರಡು ದಿನ ಅಷ್ಟೇ. ಮೊನ್ನೆ ಬಗ್ಗಿದಾಗ ಒರೆ ಸಮೇತ ಬಸಿಗಾಲುವೆಗೆ ಬಿತ್ತು. ಹ್ಯಾಕ್ಸಾ ಬ್ಲೇಡಿನಲ್ಲೂ ನೋಡಿದೆ, ಬಗ್ಗಿಸುವಾಗಲೇ ಪಟ್ ಅಂತ ಮುರಿಯಿತು. ಜೊತೆಗೆ ಒರೆ ನಡೆಯುವಾಗ ಅಡ್ಡಡ್ಡ ತಿರುಗುತ್ತದೆ.

ಕುಲುಮೆ ಬೆಂಕಿ:
ಮೊದಲು ಕನ್ನಡಕ ಹಾಕಿಕೊಳ್ಳಿ ಮಾರಾಯ್ರೆ, ಬ್ಲೇಡಿನ ಚೂರು ನೇರ ಕಣ್ಣಿಗೇ ಹಾರುತ್ತದೆ.

ಜಿ.ಐ. ತಗಡು ಅಂದರೆ ಮೆತ್ತನೆ ಕಬ್ಬಿಣ, ಮೇಲೆ ಸತುವಿನ ಲೇಪ. ಸ್ವಲ್ಪ ಎಳೆದರೆ ವಾಪಸ್ ಬರುತ್ತದೆ, ಜಾಸ್ತಿ ಎಳೆದರೆ ಅಲ್ಲೇ ನಿಲ್ಲುತ್ತದೆ. ಹದ ಮಾಡಿದ ಸ್ಪ್ರಿಂಗ್ ಸ್ಟೀಲು ಅದಕ್ಕಿಂತ ಎಷ್ಟೋ ದೂರ ಬಗ್ಗಿ ವಾಪಸ್ ಬರುತ್ತದೆ. ಜಿ.ಐ.ಯನ್ನು ಮಾತ್ರ ಕಾಯಿಸಬೇಡಿ, ಸತುವಿನ ಹೊಗೆ ಕುಡಿದರೆ ಚಳಿಜ್ವರ ಬರುತ್ತದೆ.

ಬ್ಲೇಡಿನಲ್ಲೇ ಮಾಡುವುದಾದರೆ ಹೈ ಕಾರ್ಬನ್ ಬ್ಲೇಡು ತನ್ನಿ. ಹೈ ಸ್ಪೀಡ್ ಸ್ಟೀಲಿನದಕ್ಕೆ 1200 ಡಿಗ್ರಿ ಹತ್ತಿರ ಕಾವು ಬೇಕು, ಮನೆ ಬೆಂಕಿಗೆ ಹದ ಕೂರುವುದಿಲ್ಲ. ಕೆಂಪಗೆ ಕಾಯಿಸಿ ಒಣ ಬೂದಿಯಲ್ಲಿ ಹುಗಿದು ರಾತ್ರಿ ಪೂರ್ತಿ ಬಿಡಿ. ಬೆಳಿಗ್ಗೆ ಹೇಳಿದ ಹಾಗೆ ಬಗ್ಗುತ್ತದೆ. ಆಗಲೇ ತೂತು ಕೊರೆದು, ಹಲ್ಲುಗಳನ್ನು ಅರದಲ್ಲಿ ಉಜ್ಜಿ ತೆಗೆದು, 6 ಮಿ.ಮೀ. ಬೋಲ್ಟಿನ ಸುತ್ತ ಬಗ್ಗಿಸಿ. ಚೂಪು ಮೂಲೆ ಬೇಡ, ಮುರಿಯೋದು ಅಲ್ಲೇ. ಮತ್ತೆ ಕಾಯಿಸಿ, ಅಯಸ್ಕಾಂತ ಅಂಟದ ಹಂತ ದಾಟಿ ಸ್ವಲ್ಪ ಹೆಚ್ಚು ಕೆಂಪಾದ ಮೇಲೆ ಎಣ್ಣೆಯಲ್ಲಿ ಅದ್ದಿ. ಈಗ ಅದು ಗಾಜಿನ ಹಾಗೆ, ಕೆಳಗೆ ಬೀಳಿಸಬೇಡಿ. ಹೊಳಪು ಬರುವವರೆಗೆ ಉಜ್ಜಿ, ಹಳೇ ಬಾಣಲೆಯಲ್ಲಿ ಮರಳು ಹಾಕಿ ಅದರ ಮೇಲಿಟ್ಟು ಸಣ್ಣ ಉರಿಯಲ್ಲಿ ಕಾಯಿಸಿ. ಮೊದಲು ಒಣಹುಲ್ಲಿನ ಬಣ್ಣ, ಆಮೇಲೆ ಕಂದು, ನೇರಳೆ, ನೀಲಿ. ನೀಲಿ ಕಂಡ ತಕ್ಷಣ ತೆಗೆಯಿರಿ. ಅದೇ ಸುಮಾರು 300 ಡಿಗ್ರಿ, ಸ್ಪ್ರಿಂಗಿನ ಹದ.

ಚರ್ಮ ಸೂಜಿ:
ಅಣ್ಣ ಹೇಳಿದ್ದು ಸರಿ. ಆದರೆ ಮಳೆಗಾಲದ ತೋಟಕ್ಕೆ ನಾನಾದರೆ 304 ಸ್ಟೇನ್‌ಲೆಸ್ ಪಟ್ಟಿ ಹಾಕುತ್ತೇನೆ, 1.2 ಮಿ.ಮೀ. ದಪ್ಪ, 20 ಮಿ.ಮೀ. ಅಗಲ. ತಣ್ಣಗಿರುವಾಗಲೇ ಬಗ್ಗಿಸಬಹುದು, ಬಗ್ಗಿಸಿದ ಜಾಗ ತಾನೇ ಗಟ್ಟಿಯಾಗುತ್ತದೆ, ಬೆಂಕಿಯೇ ಬೇಡ.

ಇನ್ನೊಂದು ವಿಷಯ. ಕೊಡವರ ಒಡಿಕತ್ತಿ, ಅಂದರೆ ಅವರ ಅಗಲ ಅಲಗಿನ ಬಾಗಿದ ಕತ್ತಿ, ಬೆನ್ನ ಹಿಂದೆ ತೋಡಂಗಿನಲ್ಲಿ (ಸೊಂಟಪಟ್ಟಿಯ ಹಿಂಬದಿಯ ಲೋಹದ ಕೊಂಡಿ) ಒರೆಯಿಲ್ಲದೆ ನಿಲ್ಲುತ್ತದಲ್ವಾ, ಅಲ್ಲಿ ಸ್ಪ್ರಿಂಗ್ ಇಲ್ಲ, ಕತ್ತಿಯ ಆಕಾರ ಮತ್ತು ಭಾರವೇ ಅದನ್ನು ಹಿಡಿಯುತ್ತದೆ. ನಿಮ್ಮ ಕ್ಲಿಪ್ಪಿನಲ್ಲೂ ಬರೀ ಬಿಗಿಯನ್ನು ನಂಬಬೇಡಿ. ತುದಿಯನ್ನು 3 ಮಿ.ಮೀ. ಒಳಕ್ಕೆ ಮಡಚಿ, ಬೆಲ್ಟಿನ ಕೆಳ ಅಂಚಿಗೆ ಅದು ಕೊಕ್ಕೆಯಂತೆ ಸಿಕ್ಕಬೇಕು. ಆಮೇಲೆ ತುಟಿಯನ್ನು ಹೊರಕ್ಕೆ ತಿರುಗಿಸಿ, ಬೆರಳಿಗೆ ಹಿಡಿತ ಸಿಗುತ್ತದೆ. ನಿಮ್ಮ ಬೆಲ್ಟಿನ ಅಗಲ ಅಳೆದು, ಒಳಗೆ 2 ಮಿ.ಮೀ. ಮಾತ್ರ ಜಾಸ್ತಿ ಬಿಡಿ.

ತಿರುಗೋದಕ್ಕೆ ಕಾರಣ ಒಂದೇ ರಿವೆಟ್ಟು. ಎರಡು ಹೊಡೆಯಿರಿ, ನಡುವೆ 25 ಮಿ.ಮೀ. ಇರಲಿ. ಒಳಗಿನ ತಲೆಯ ಮೇಲೆ ತೆಳು ಚರ್ಮ ಅಂಟಿಸಿ, ಇಲ್ಲದಿದ್ದರೆ ಚೂರಿಯ ಅಲಗು ಗೀರುತ್ತದೆ.

ತೋಟದ ಹುಡುಗ:
ಸ್ಟೇನ್‌ಲೆಸ್ಸಿನಲ್ಲೇ ಮಾಡಿದೆ, ಗುಜರಿಯಲ್ಲಿ ಪಟ್ಟಿ ಸಿಕ್ಕಿತು. ಹತ್ತು ದಿನ ಆಯ್ತು, ಬಗ್ಗಿದರೂ ಕೂತರೂ ಅಲ್ಲಾಡಲಿಲ್ಲ. ತುಂಬಾ ಥ್ಯಾಂಕ್ಸ್ ಇಬ್ಬರಿಗೂ. ಹಳೇ ರಿವೆಟ್ಟಿನ ಸುತ್ತ ಚರ್ಮ ಕಪ್ಪಾಗಿದೆ, ಕೊಳೆತಿದೆಯಾ?

ಚರ್ಮ ಸೂಜಿ:
ಕೊಳೆತಿಲ್ಲ. ತೊಗಟೆಯ ಚೊಗರಿನಲ್ಲಿ ಹದ ಮಾಡಿದ ಚರ್ಮ ಒದ್ದೆ ಕಬ್ಬಿಣಕ್ಕೆ ತಾಗಿದರೆ ಹಾಗೆ ಕಪ್ಪಾಗುತ್ತದೆ, ಅಳಲೆಕಾಯಿ ಶಾಯಿ ಆಗುವುದೂ ಹೀಗೇ. ನಿಂಬೆರಸ ಹಚ್ಚಿ ಒರೆಸಿ, ಕಲೆ ತಿಳಿಯಾಗುತ್ತದೆ. ಒಣಗಿದ ಮೇಲೆ ಸ್ವಲ್ಪ ಎಣ್ಣೆ ಸವರಿ.