'ಇಲೆ', 'ಎಲಿ': ಮಕ್ಕಳ ಇಂಥ ಮಾತಿಗೆ ನಿಮ್ಮ ಕಡೆ ಏನಂತಾರೆ?

ಎಲ್ಲರಿಗೂ ನಮಸ್ಕಾರ.

ನಮ್ಮ ಮನೆ ಇರುವುದು ಕಾಸರಗೋಡಿನ ಬದಿಯಡ್ಕದ ಹತ್ತಿರ. ಮೊಮ್ಮಗಳಿಗೆ ಈಗ 4 ವರ್ಷ. ಮನೆಯಲ್ಲಿ ಕನ್ನಡ, ಅಂಗನವಾಡಿಯಲ್ಲಿ ಮಲಯಾಳ, ತೋಟದ ಕೆಲಸಕ್ಕೆ ಬರುವವರ ಜೊತೆ ತುಳು. ಮೂರನ್ನೂ ಸಲೀಸಾಗಿ ಆಡುತ್ತಾಳೆ.

ಹೋದ ವಾರ ನೆಂಟರ ಮನೆಯಲ್ಲಿ ಪೂಜೆಯ ಊಟ. ಅನ್ನ ಬಡಿಸಿ ಮುಂದೆ ಹೋಗಿದ್ದಾರೆ, ಅಷ್ಟರಲ್ಲಿ "ಅಜ್ಜೀ, ನನ್ನ ಇಲೆ ಹರಿದುಹೋಯ್ತು" ಅಂತ ಇವಳ ಅಳು. ಪಕ್ಕದಲ್ಲಿ ಕೂತವರಿಗೆ ಅದು 'ಇಲಿ' ಅಂತ ಕೇಳಿಸಿತು. ಸೀರೆ ಎತ್ತಿಕೊಂಡು ಎದ್ದೇ ಬಿಟ್ಟರು. ನೋಡಿದರೆ ಬಾಳೆಲೆ ನಡುವೆ ಸೀಳಿ, ಸಾರು ನೆಲಕ್ಕೆ ಹರಿಯುತ್ತಿತ್ತು! ಮೊನ್ನೆ ಅಟ್ಟದಲ್ಲಿ ಅಡಿಕೆ ಗೋಣಿಯ ಹಿಂದೆ ಏನೋ ಸರಸರ ಅಂದಾಗ "ಎಲಿ! ಎಲಿ!" ಅಂತ ಕೂಗಿದಳು.

ಮಲಯಾಳದಲ್ಲಿ ಎಲೆಗೆ 'ಇಲ', ಇಲಿಗೆ 'ಎಲಿ'. ತುಳುವಿನಲ್ಲೂ ಇಲಿಗೆ 'ಎಲಿ'ಯೇ. ಕನ್ನಡದಲ್ಲಿ ಮಾತ್ರ ಸ್ವರ ತಿರುಗಿದೆ. ಎರಡನೇ ಅಕ್ಷರದಲ್ಲಿ ಇ, ಉ ಇದ್ದ ಎಷ್ಟೋ ಪದಗಳಲ್ಲಿ ಮೊದಲ ಅಕ್ಷರದ ಎ, ಒ ಹೋಗಿ ಇ, ಉ ಬಂದಿವೆ. ಮಲಯಾಳದ 'ಪೊಡಿ' ನಮಗೆ ಪುಡಿ. ಅವರ 'ಚೆವಿ', ತುಳುವಿನ 'ಕೆಬಿ', ನಮ್ಮ ಕಿವಿ. ಎರಡನೇ ಅಕ್ಷರದಲ್ಲಿ ಅ ಇದ್ದಲ್ಲಿ ಇದರ ಉಲ್ಟಾ: 'ಇಲ' ಎಲೆಯಾಗಿದೆ, 'ಉರಲ್' ಒರಳಾಗಿದೆ. ಇಷ್ಟೆಲ್ಲ ಇರುವಾಗ ಆ ಮಗುವಿನ ಮಾತನ್ನು ತಪ್ಪು ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಈಗ ನನ್ನ ಪ್ರಶ್ನೆ. ಇದಕ್ಕೆ ಕನ್ನಡದಲ್ಲಿ ಏನು ಹೇಳುವುದು? 'ತೊದಲು' ಅಂದರೆ ಸರಿಹೋಗುವುದಿಲ್ಲ. ತೊದಲು ನಾಲಿಗೆಯದ್ದು. ರ ಹೊರಳದೆ ಕಾರಿಗೆ 'ಕಾಲು' ಅಂದರೆ ಅದು ತೊದಲು. ಇವಳ ಉಚ್ಚಾರ ಸ್ಪಷ್ಟವಾಗಿದೆ, ಪದವೇ ಬೇರೆ ಅಷ್ಟೆ. 'ಮುದ್ದುಮಾತು' ಅನ್ನಬಹುದು, ಆದರೆ ಮಕ್ಕಳು ಏನು ಆಡಿದರೂ ಮುದ್ದುಮಾತೇ ಅಲ್ವಾ?

ಇನ್ನೊಂದು ಬಗೆಯೂ ಇದೆ. "ಚಾಕೊಲೇಟ್ ತಮ್ಮನಿಗೆ ಕೊಡಿದೆ" ಅನ್ನುತ್ತಾಳೆ. ನೋಡು ನೋಡಿದೆ, ಹಾಡು ಹಾಡಿದೆ, ಹಾಗಾದರೆ ಕೊಡು ಕೊಡಿದೆ. ಈ ಮಾತನ್ನು ಮನೆಯಲ್ಲಿ ಯಾರೂ ಆಡುವುದಿಲ್ಲ. ತಾನೇ ಲೆಕ್ಕ ಹಾಕಿ ಕಟ್ಟಿದ್ದು! ಇದಕ್ಕೂ ಅದಕ್ಕೂ ಒಂದೇ ಹೆಸರು ಸಾಕೋ, ಎರಡು ಬೇಕೋ?

ತಾಳವಾಡಿ, ಹೊಸೂರು ಕಡೆಯವರು ದಯವಿಟ್ಟು ಹೇಳಿ. ತಮಿಳಿನಲ್ಲೂ 'ಎಲಿ', 'ಇಲೈ' ಇವೆ. ನಿಮ್ಮ ಮಕ್ಕಳೂ ಹೀಗೆ ಅದಲುಬದಲು ಮಾಡುತ್ತಾರಾ? ಮಡಕಶಿರಾ ಕಡೆ ತೆಲುಗಿನಲ್ಲಿ ಎಲೆಗೆ 'ಆಕು', ಇಲಿಗೆ 'ಎಲುಕ'. ಅಲ್ಲಿ ಈ ಜೋಡಿ ಸಿಕ್ಕಲಾರದು, ಬೇರೆ ಯಾವುದಾದರೂ ಇದ್ದೇ ಇರಬೇಕು. ನಿಮ್ಮ ಮನೆಯ ಅಜ್ಜಿಯರು ಇಂಥ ಮಾತಿಗೆ ಬಳಸುತ್ತಿದ್ದ ಪದ ನೆನಪಿದ್ದರೆ ಬರೆಯಿರಿ. ಮಕ್ಕಳು ಆಡಿದ್ದನ್ನು ತಿದ್ದದೆ ಹಾಗೇ ಬರೆಯಿರಿ, ಮಗುವಿನ ವಯಸ್ಸೂ ಇರಲಿ.