ಸಹಾಯ ಬೇಕು: ಆಫೀಸಿನಲ್ಲಿ ಕ್ರೈಸ್ತ ವಿಶ್ವಾಸ ಕಾಪಾಡಿಕೊಳ್ಳೋದು ಹೇಗೆ?

ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆಗಳು.

ನಾನು ಬೆಂಗಳೂರಿನ ವೈಟ್‌ಫೀಲ್ಡ್ ಕಡೆ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿದ್ದೇನೆ. ಚಿಕ್ಕಂದಿನಿಂದ ಅಪ್ಪನ ಕೈ ಹಿಡಿದು ಹಡ್ಸನ್ ಚರ್ಚಿನ ಕನ್ನಡ ಆರಾಧನೆಗೆ ಹೋಗಿ ಬೆಳೆದವಳು. ಈಗ ಭಾನುವಾರ ಬೆಳಿಗ್ಗೆ, ಆರಾಧನೆಯ ಹೊತ್ತಿಗೇ ಆಫೀಸಿನ ಫೋನ್ ಮೀಟಿಂಗ್ ಇಡುತ್ತಾರೆ. ಪಾರ್ಟಿಯಲ್ಲಿ ಕುಡಿಯಲ್ಲ ಅಂದರೆ ನಗುತ್ತಾರೆ. ಅದೆಲ್ಲ ಹೇಗೋ ಸಹಿಸಿಕೊಳ್ಳಬಹುದು.

ನಿಜವಾದ ಕಷ್ಟ ಟೈಮ್‌ಶೀಟ್‌ದು, ಅಂದರೆ ಎಷ್ಟು ಗಂಟೆ ಕೆಲಸ ಮಾಡಿದೆವು ಅಂತ ಕ್ಲೈಂಟ್ ಬಿಲ್‌ಗೆ ಬರೆದುಕೊಡೋ ಪಟ್ಟಿಯದು. ಮಾಡದ ಗಂಟೆಗಳನ್ನೂ ಸೇರಿಸು, ಎಲ್ಲರೂ ಮಾಡ್ತಾರೆ, ಕ್ಲೈಂಟ್‌ಗೆ ಏನು ಗೊತ್ತಾಗುತ್ತೆ ಅಂತ ಮ್ಯಾನೇಜರ್ ಪ್ರತಿ ವಾರ ಹೇಳುತ್ತಾರೆ. ಕಳೆದ ತಿಂಗಳು ಒಮ್ಮೆ ಸೇರಿಸಿಬಿಟ್ಟೆ. ಆ ರಾತ್ರಿ ಪ್ರಾರ್ಥನೆಗೆ ಕೂತರೆ ಮಾತೇ ಬರಲಿಲ್ಲ. ಅದು ಸುಳ್ಳು ಮಾತ್ರ ಅಲ್ಲ, ಕಳ್ಳತನವೂ ಹೌದು ಅಲ್ವಾ?

ಬೈಬಲಿನಲ್ಲಿ ದಾನಿಯೇಲನ 1ನೇ ಅಧ್ಯಾಯ ಮತ್ತೆ ಓದಿದೆ. ರಾಜನ ಊಟ ತಿಂದು ಅಶುದ್ಧನಾಗಬಾರದು ಅಂತ ನಿಶ್ಚಯಿಸಿದರೂ ಅವನು ಬಾಬೆಲಿನಲ್ಲಿ ಅರಮನೆ ಬಿಟ್ಟು ಓಡಲಿಲ್ಲ, ಜಗಳವನ್ನೂ ಆಡಲಿಲ್ಲ, 10 ದಿನ ಬರೀ ಕಾಯಿಪಲ್ಯ, ನೀರು ಕೊಟ್ಟು ನೋಡಿ ಎಂದು ತನ್ನನ್ನು ನೋಡಿಕೊಳ್ಳುತ್ತಿದ್ದವನನ್ನು ಕೇಳಿಕೊಂಡ. ನನಗೂ ಅಂಥ ಒಂದು ದಾರಿ ಬೇಕು. ಸುಮ್ನೆ ಕೆಲಸ ಬಿಡು ಎನ್ನಬೇಡಿ, ಮನೆ ಸಾಲ ಇದೆ, ಅಮ್ಮನ ಔಷಧಿ ಖರ್ಚೂ ನನ್ನದೇ.

ಇಂಥದ್ದನ್ನು ದಾಟಿದವರು ಇದ್ದೀರಾ? ಮ್ಯಾನೇಜರಿಗೆ ಯಾವ ಮಾತಲ್ಲಿ ಹೇಳಿದಿರಿ? ಹೋದ ಸಲ ಸೇರಿಸಿದ ಗಂಟೆಗಳನ್ನು ನಾನೇ ಹೇಳಿ ಸರಿಪಡಿಸಬೇಕಾ? ಶುಕ್ರವಾರ ಮುಂದಿನ ಶೀಟ್ ಕೊಡಬೇಕು, ಅಷ್ಟರೊಳಗೆ ಬರೆಯಿರಿ. ನನಗಾಗಿ ಪ್ರಾರ್ಥಿಸಿ.