ಫ್ಲಾರೆನ್ಸಿನಿಂದ ನವೆಂಬರ್ 1ಕ್ಕೆ ಗುಡ್ಡದ ಊರುಗಳು: ಒಂದೇ ದಿನಕ್ಕೆ ಮೂರು ಆದೀತಾ?

ಬದಿಯಡ್ಕದ ಕೂಸು:
ಎಲ್ಲರಿಗೂ ನಮಸ್ಕಾರ. ಈ ಸೆಮಿಸ್ಟರ್ ಇಟಲಿಯ ಫ್ಲಾರೆನ್ಸಿನಲ್ಲಿ ಓದು. ನವೆಂಬರ್ 1ಕ್ಕೆ ಕ್ಲಾಸಿಲ್ಲ. ಅಂದು ಬೆಳಿಗ್ಗೆ ಹೊರಟು ಸಾನ್ ಜಿಮಿನ್ಯಾನೊ, ಒರ್ವಿಯೇತೊ, ಅಲ್ಲಿಂದ ಚಿವಿತಾ ದಿ ಬಾನ್ಯೊರೆಜೊ ಮೂರನ್ನೂ ನೋಡಿ ರಾತ್ರಿ ವಾಪಸಾಗುವ ಅಂದಾಜು. ಕಾರಿಲ್ಲ, ರೈಲು ಬಸ್ಸೇ ಗತಿ. ಮ್ಯಾಪಿನಲ್ಲಿ ಮೂರೂ ಹತ್ತಿರವೇ ಕಾಣ್ತದೆ. ಟಿಕೆಟ್ ಮೊದಲೇ ತೆಗೆದಿಡಬೇಕಾ? ಮೊಟ್ಟೆ ಸಹ ತಿನ್ನದ ಸಸ್ಯಾಹಾರ, ಮಧ್ಯಾಹ್ನಕ್ಕೆ ಎಂತ ಸಿಕ್ಕೀತು?

ಪೆರ್ಲದಣ್ಣ:
ಮೂರು ಆಗುವುದಿಲ್ಲ ತಂಗೀ. ಎರಡೂ ಕಷ್ಟ. ಸಾನ್ ಜಿಮಿನ್ಯಾನೊ ಇರುವುದು ಫ್ಲಾರೆನ್ಸಿನ ನೈರುತ್ಯಕ್ಕೆ, ಒರ್ವಿಯೇತೊ ರೋಮಿಗೆ ಹೋಗುವ ರೈಲುದಾರಿಯಲ್ಲಿ. ಒಂದರಿಂದ ಇನ್ನೊಂದಕ್ಕೆ ನೇರ ಗಾಡಿ ಇಲ್ಲ; ಫ್ಲಾರೆನ್ಸಿಗೇ ತಿರುಗಿ ಬಂದು ಮತ್ತೆ ಹೊರಡಬೇಕು. ಅರ್ಧ ದಿನ ಅದರಲ್ಲೇ ಹೋಯ್ತು.

ಅದಕ್ಕಿಂತ ದೊಡ್ಡ ತೊಡಕು ನಿಮ್ಮ ತಾರೀಕಿನದ್ದು. ನವೆಂಬರ್ 1 ನಮಗೆ ಒಂದು ಕಡೆ ರಾಜ್ಯೋತ್ಸವ, ಇನ್ನೊಂದು ಕಡೆ ಕೇರಳಪ್ಪಿರವಿ (ಕೇರಳ ರಾಜ್ಯ ಹುಟ್ಟಿದ ದಿನ). ಅಲ್ಲಿ ಅದು ಸಕಲ ಸಂತರ ಹಬ್ಬ, ದೇಶಕ್ಕೆಲ್ಲ ರಜೆ. ಬಸ್ಸಿನ ವೇಳಾಪಟ್ಟಿಯಲ್ಲಿ ಮೂರು ಶಬ್ದ ನೋಡಿಕೊಳ್ಳಿ. ‘ಫೆರಿಯಾಲೆ’ ಅಂದರೆ ಸೋಮವಾರದಿಂದ ಶನಿವಾರ (ಶನಿವಾರವೂ ಕೆಲಸದ ದಿನದ ಲೆಕ್ಕವೇ). ‘ಫೆಸ್ತಿವೊ’ ಅಂದರೆ ಭಾನುವಾರ ಮತ್ತು ಹಬ್ಬದ ರಜೆ. ‘ಸ್ಕೊಲಾಸ್ತಿಕೊ’ ಎಂದು ಬರೆದ ಬಸ್ಸು ಶಾಲೆ ಇರುವ ದಿನ ಮಾತ್ರ ಓಡುತ್ತದೆ. ನವೆಂಬರ್ 1 ಯಾವ ವಾರವೇ ಆಗಲಿ, ಅದು ಫೆಸ್ತಿವೊ. ಒರ್ವಿಯೇತೊದಿಂದ ಬಾನ್ಯೊರೆಜೊಕ್ಕೆ (ಚಿವಿತಾದ ಪಕ್ಕದ ಊರು) ಹೋಗುವ ಕೊತ್ರಾಲ್ ಕಂಪೆನಿಯ ಬಸ್ಸಿಗೆ ಭಾನುವಾರ, ಹಬ್ಬದ ದಿನ ಓಡಾಟವೇ ಇಲ್ಲ. ಹಾಗಾಗಿ ಚಿವಿತಾ ಅವತ್ತಿಗೆ ಹೊಡೆದು ಹಾಕಿ.

ಇನ್ನೊಂದು ದಿನ ಅಲ್ಲಿಗೆ ಹೋಗುವುದಿದ್ದರೆ ಇದು ಗೊತ್ತಿರಲಿ. ಫ್ಲಾರೆನ್ಸ್ ತೊಸ್ಕಾನಾದಲ್ಲಿ, ಒರ್ವಿಯೇತೊ ಉಂಬ್ರಿಯಾದಲ್ಲಿ, ಚಿವಿತಾ ಲಾತ್ಸಿಯೊದಲ್ಲಿ. ನಮ್ಮ ಕರ್ನಾಟಕ-ಕೇರಳ ಗಡಿಯ ತಲಪಾಡಿ ದಾಟಿದ ಹಾಗೆಯೇ, ಪ್ರಾಂತ ದಾಟಿದರೆ ಬಸ್ಸಿನ ಕಂಪೆನಿ ಬೇರೆ, ಟಿಕೆಟ್ ಬೇರೆ, ವೇಳಾಪಟ್ಟಿಯ ಹಾಳೆಯೂ ಬೇರೆ. ತೊಸ್ಕಾನಾದ ಆ್ಯಪಿನಲ್ಲಿ ಕೊತ್ರಾಲ್ ಬಸ್ಸು ಹುಡುಕಿ ಪ್ರಯೋಜನ ಇಲ್ಲ. ಬಸ್ಸು ಬಿಡುವುದು ಬಾನ್ಯೊರೆಜೊದಲ್ಲಿ. ಚಿವಿತಾಕ್ಕೆ ಊರು ದಾಟಿ ಸುಮಾರು 2 ಕಿಲೋಮೀಟರ್ ನಡೆದು, ಕೊನೆಗೆ ಕಡಿದಾಗಿ ಏರುವ ಕಾಲುಸೇತುವೆ ಹತ್ತಬೇಕು. ಸೇತುವೆಯ ಬುಡದಲ್ಲಿ 5 ಯೂರೊ ಪ್ರವೇಶ ಶುಲ್ಕ. ವಾಪಸು ಬಸ್ಸುಗಳು ಬೆರಳೆಣಿಕೆ. ಇಳಿದ ಕೂಡಲೇ ಕಂಬದ ಮೇಲಿನ ಹಾಳೆಯ ಫೋಟೊ ತೆಗೆದುಕೊಳ್ಳಿ.

ನನ್ನ ಕೇಳಿದರೆ ನವೆಂಬರ್ 1ಕ್ಕೆ ಒರ್ವಿಯೇತೊ ಒಂದೇ ಸಾಕು. ರೈಲು ನಿಲ್ದಾಣದ ಎದುರಿನಿಂದಲೇ ಫ್ಯುನಿಕ್ಯುಲರ್ (ಹಗ್ಗದಿಂದ ಎಳೆಯುವ ಗುಡ್ಡದ ರೈಲು) ಮೇಲಕ್ಕೆ ಹೋಗುತ್ತದೆ, ಬಸ್ಸಿನ ಹಂಗಿಲ್ಲ. ಗುಡ್ಡದ ಊರಿಗೆ ಹೋಗುವವರು ಎಡವುವುದು ಇಲ್ಲೇ: ರೈಲು ಕಣಿವೆಯಲ್ಲಿ ಓಡುತ್ತದೆ, ಊರು ತಲೆಯ ಮೇಲೆ ಇರುತ್ತದೆ. ಅಸ್ಸಿಸಿಯ ನಿಲ್ದಾಣ ಇರುವುದು ಕೆಳಗೆ ಸಾಂತಾ ಮರಿಯಾ ದೆಲ್ಯಿ ಆಂಜೆಲಿಯಲ್ಲಿ. ಕೊರ್ತೋನಾಕ್ಕೆ ಕಮುಚಿಯಾದಲ್ಲಿ ಇಳಿದು ಗುಡ್ಡ ಹತ್ತಬೇಕು. ಮೊಂತೆಪುಲ್ಚಾನೊ ಹೆಸರಿನ ನಿಲ್ದಾಣವೇ ಉಂಟು, ಅಲ್ಲಿ ಇಳಿದರೆ ಊರು ಕಾಣುವುದಿಲ್ಲ ಮಾರಾಯ್ರೆ. ಅದಕ್ಕೆ ಕ್ಯೂಸಿಯಲ್ಲಿ ಇಳಿದು ಬಸ್ಸು ಹಿಡಿಯುವುದು ರೂಢಿ.

ಟಿಕೆಟಿನ ವಿಷಯ: ‘ರೆಜೊನಾಲೆ’ (ಪ್ರಾದೇಶಿಕ) ರೈಲಿಗೆ ದೂರದ ಲೆಕ್ಕದ ದರ, ಮೊದಲೇ ತೆಗೆದರೆ ಕಡಿಮೆಯೇನಿಲ್ಲ. ಕಾಗದದ ಟಿಕೆಟ್ ಆದರೆ ಪ್ಲಾಟ್‌ಫಾರ್ಮಿನ ಯಂತ್ರದಲ್ಲಿ ಮುದ್ರೆ ಹೊಡೆಸಿ ಹತ್ತಿ. ಮೊಬೈಲಿನದ್ದಾದರೆ ಹತ್ತುವ ಮೊದಲು ‘ಚೆಕ್-ಇನ್’ ಒತ್ತಲೇಬೇಕು. ದುಡ್ಡು ಕೊಟ್ಟಾಗಿದೆ ಎಂಬ ಧೈರ್ಯದಲ್ಲಿ ಇದನ್ನು ಬಿಟ್ಟವರಿಗೇ ದಂಡ ಬೀಳುವುದು.

ಮಧೂರಕ್ಕ:
ಊಟದ್ದು ನಾನು ಹೇಳ್ತೇನೆ. ಹೋಟೆಲಿನ ಅಡುಗೆಮನೆ ಸಾಮಾನ್ಯವಾಗಿ ಹನ್ನೆರಡೂವರೆಗೆ ತೆರೆದು ಎರಡೂವರೆಗೆ ಮುಚ್ಚುತ್ತದೆ, ಮತ್ತೆ ಸಂಜೆ ಏಳರ ಮೇಲೆಯೇ. ಮೂರು ಗಂಟೆಗೆ ಹಸಿದರೆ ಕಾಫಿ ಬಾರಿನ ಬನ್ನೇ ಗತಿ.

ಮೊಟ್ಟೆ ಬೇಡ ಎಂದಾದರೆ ತಾಲ್ಯತೆಲ್ಲೆಯಂಥ ತಾಜಾ ಪಾಸ್ತಾ ಬಿಡಿ, ಹಿಟ್ಟು ಕಲಸುವಾಗಲೇ ಮೊಟ್ಟೆ ಹಾಕ್ತಾರೆ. ಒಣ ಸ್ಪಗೆತ್ತಿಗೆ ಸಾಧಾರಣವಾಗಿ ಇಲ್ಲ. ಸಿಯೆನಾ ಕಡೆಯ ‘ಪೀಚಿ’ ಹಿಟ್ಟು ನೀರಿನಲ್ಲೇ ಕಲಸಿ ಕೈಯಲ್ಲಿ ಹೊಸೆಯುವ ದಪ್ಪ ಶ್ಯಾವಿಗೆ; ಆದರೂ ‘ಸೆನ್ಸಾ ಉವೋವಾ?’ (ಮೊಟ್ಟೆ ಇಲ್ಲ ತಾನೇ?) ಎಂದು ಕೇಳಿಯೇ ಹೇಳಿ. ಬೆಳ್ಳುಳ್ಳಿ ಟೊಮೆಟೊ ಹಾಕಿದ್ದು ‘ಪೀಚಿ ಆಲ್ಲಾಲ್ಯೋನೆ’. ತೊಸ್ಕಾನಾದಲ್ಲಿ ‘ಪಪ್ಪಾ ಅಲ್ ಪೊಮೊದೋರೊ’, ಹಳೇ ಬ್ರೆಡ್ಡು ಟೊಮೆಟೊದಲ್ಲಿ ಬೆಂದದ್ದು. ‘ರಿಬೊಲ್ಲಿತಾ’ ಕರಿ ಎಲೆಕೋಸು, ಬಿಳಿ ಬೀನ್ಸು, ಬ್ರೆಡ್ಡಿನದ್ದು. ಇವೆರಡಕ್ಕೂ ಕೆಲವು ಕಡೆ ಮಾಂಸದ ಸಾರು ಬೀಳ್ತದೆ, ‘ಬ್ರೋದೊ ದಿ ಕಾರ್ನೆ?’ ಎಂದು ಕೇಳಿ. ಉಂಬ್ರಿಯಾದ ‘ತೋರ್ತಾ ಅಲ್ ತೆಸ್ತೊ’ ನೋಡಲಿಕ್ಕೆ ನಮ್ಮ ದಪ್ಪ ರೊಟ್ಟಿಯ ಹಾಗೆ, ಕೆಲವರು ಅದಕ್ಕೆ ಹಂದಿ ಕೊಬ್ಬು ಹಾಕ್ತಾರೆ. ಅದರ ಹೆಸರು ‘ಸ್ತ್ರುತ್ತೊ’.

‘ವೆಜಿಟೇರಿಯನ್’ ಎಂದರೆ ಮಾಂಸ ಮಾತ್ರ ತೆಗೆದು ಆಂಚೊವಿ ಮೀನು ಬಿಡುವವರು ಇದ್ದಾರೆ. ‘ನಿಯೆಂತೆ ಕಾರ್ನೆ, ನಿಯೆಂತೆ ಪೆಶೆ, ನಿಯೆಂತೆ ಅಚ್ಚೂಗೆ’ ಎಂದು ಮೂರನ್ನೂ ಬಿಡಿಸಿ ಹೇಳಿ. ಪಾರ್ಮಿಜಾನೊ, ಪೆಕೊರೀನೊ ಚೀಸಿನಲ್ಲಿ ಸಾಮಾನ್ಯವಾಗಿ ಕರುವಿನ ಅಥವಾ ಕುರಿಮರಿಯ ಹೊಟ್ಟೆಯ ರೆನೆಟ್ (ಹಾಲು ಒಡೆಸುವ ಹೆಪ್ಪು) ಇರುತ್ತದೆ, ಮನೆಯಲ್ಲಿ ಕಟ್ಟುನಿಟ್ಟು ಇದ್ದವರಿಗೆ ಅದೂ ಆಗುವುದಿಲ್ಲ. ಪಿಜ್ಜಾದ ‘ಪೆಪೆರೋನಿ’ಗೆ ಮಾತ್ರ ಹೆದರಬೇಡಿ, ಇಟಲಿಯಲ್ಲಿ ಹಾಗೆಂದರೆ ದೊಣ್ಣೆಮೆಣಸು.

ಬಿಲ್ಲಿನಲ್ಲಿ ‘ಕೊಪೆರ್ತೊ’ ಎಂದು ತಲೆಗೆ ಒಂದೆರಡು ಯೂರೊ ಸೇರಿರುತ್ತದೆ, ಜಗಳ ಬೇಡ. ತೊಸ್ಕಾನಾದ ಬ್ರೆಡ್ಡಿಗೆ ಉಪ್ಪು ಹಾಕುವುದಿಲ್ಲ. ಚೀಲದಲ್ಲಿ ಒಂದು ಉಪ್ಪಿನಕಾಯಿ ಪ್ಯಾಕೆಟ್ ಇರಲಿ.

ಮುರಕಲ್ಲು:
ಪೆರ್ಲದಣ್ಣ ಹೇಳಿದ್ದು ಸರಿ, ಒರ್ವಿಯೇತೊವೇ ಆಗಲಿ. ನಮ್ಮಲ್ಲಿ ಮುರಕಲ್ಲಿನ ಗುಡ್ಡಕ್ಕೆ ಅಡ್ಡ ಸುರಂಗ ಕೊರೆದು ನೀರು ತರುವುದನ್ನು ಕಂಡವರಿಗೆ ಆ ಊರು ಬೇಗ ಅರ್ಥವಾಗುತ್ತದೆ. ಅದು ಕುಳಿತದ್ದು ‘ತೂಫೊ’ ಎಂಬ ಜ್ವಾಲಾಮುಖಿ ಬೂದಿಯ ಕಲ್ಲಿನ ಮೇಲೆ. ಕಡಿಯಲು ಮೆದು, ಹಾಗಾಗಿ ರೋಮನ್ನರಿಗೂ ಮೊದಲಿನ ಎತ್ರುಸ್ಕನ್ನರ ಕಾಲದಿಂದಲೂ ಜನ ಕೆಳಕ್ಕೆ ಕೊರೆಯುತ್ತ ಬಂದಿದ್ದಾರೆ: ಬಾವಿ, ಎಣ್ಣೆಗಾಣ, ಪಾರಿವಾಳದ ಗೂಡು. ಸಾವಿರಕ್ಕೂ ಮಿಕ್ಕಿ ಗುಹೆಗಳಿವೆ, ಮಾರ್ಗದರ್ಶಿಯ ಜತೆ ಕೆಲವಕ್ಕೆ ಇಳಿಯಬಹುದು. ನಮ್ಮದು ಅಡ್ಡಕ್ಕೆ, ಅವರದು ಹೆಚ್ಚಾಗಿ ಆಳಕ್ಕೆ. ನೀರಿನ ಚಿಂತೆ ಒಂದೇ.

ಫ್ಯುನಿಕ್ಯುಲರ್ ಇಳಿದ ಚೌಕದ ಪಕ್ಕದಲ್ಲೇ ಸಾನ್ ಪಾತ್ರಿತ್ಸಿಯೊ ಬಾವಿ. 1527ರಲ್ಲಿ ರೋಮ್ ಲೂಟಿಯಾದಾಗ ಇಲ್ಲಿಗೆ ಓಡಿಬಂದ ಪೋಪ್ ಏಳನೇ ಕ್ಲೆಮೆಂಟ್, ಮುತ್ತಿಗೆ ಬಿದ್ದರೆ ಊರಿಗೆ ನೀರು ಬೇಕೆಂದು ತೋಡಿಸಲು ಹೊರಟದ್ದು. ಕಟ್ಟಿದವನು ಕಿರಿಯ ಆಂತೋನಿಯೊ ದಾ ಸಾಂಗಾಲ್ಲೊ. ಆಳ 50 ಮೀಟರಿಗೂ ಮಿಕ್ಕಿ. ಒಂದರೊಳಗೊಂದು ಹೊಸೆದ ಎರಡು ಸುರುಳಿ ದಾರಿ, ಒಂದೊಂದಕ್ಕೆ 248 ಮೆಟ್ಟಿಲು. ಖಾಲಿ ಕೊಡದ ಹೇಸರಗತ್ತೆ ಒಂದರಲ್ಲಿ ಇಳಿದು, ನೀರು ಹೊತ್ತು ಇನ್ನೊಂದರಲ್ಲಿ ಹತ್ತಿದರೆ ಎದುರುಬದುರಾಗುವ ಪ್ರಮೇಯವೇ ಇಲ್ಲ. ಇಳಿಯುವಾಗ ಸುಲಭ, ಹತ್ತುವಾಗ ಮೊಣಗಂಟಿಗೆ ಗೊತ್ತಾಗುತ್ತದೆ. ಚಳಿಗಾಲದಲ್ಲಿ ಬೇಗ ಮುಚ್ಚುವುದರಿಂದ ಮೊದಲು ಇದನ್ನೇ ಮುಗಿಸಿ.

ಇಗರ್ಜಿಯನ್ನು (1290ರಲ್ಲಿ ಶುರುವಾದದ್ದು, ಬಿಳಿ ಕರಿ ಪಟ್ಟೆಯ ಗೋಡೆ) ಮಧ್ಯಾಹ್ನದ ಮೇಲಕ್ಕೆ ಇಡಿ. ಹಬ್ಬದ ದಿನ ಬೆಳಿಗ್ಗೆ ಪೂಜೆ. ಹೆಗಲು, ಮೊಣಗಂಟು ಮುಚ್ಚಿರಬೇಕು, ಒಂದು ಶಾಲು ಸಾಕು. ಒಳಗೆ ಬಲಗಡೆಯ ಸಾನ್ ಬ್ರಿತ್ಸಿಯೊ ಗುಡಿಯಲ್ಲಿ ಲೂಕಾ ಸಿನ್ಯೊರೆಲ್ಲಿಯ ಭಿತ್ತಿಚಿತ್ರಗಳಿವೆ. ಆ ಊರಿನಲ್ಲಿ ಒಂದೇ ಕಡೆ ನಿಧಾನ ಮಾಡುವುದಾದರೆ ಅಲ್ಲಿ.

ಅಕ್ಟೋಬರಿನ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ, ಹಾಗಾಗಿ ಐದು ಗಂಟೆಗೆಲ್ಲ ಕತ್ತಲು. ಮಳೆ ಬಂದರೆ ಆ ನುಣುಪು ಕಲ್ಲುಹಾಸು ಆಟಿ ತಿಂಗಳ ಪಾಚಿ ಮೆಟ್ಟಿಲಿನ ಹಾಗೆಯೇ, ಹಿಡಿತ ಇರುವ ಶೂ ಹಾಕಿ.

ಬದಿಯಡ್ಕದ ಕೂಸು:
ಅಣ್ಣ, ಅಕ್ಕ, ಎಲ್ಲರಿಗೂ ಉಪಕಾರ ಆಯ್ತು. ಹಾಗಾದರೆ ಒರ್ವಿಯೇತೊ ಮಾತ್ರ. ಸಾನ್ ಜಿಮಿನ್ಯಾನೊ ಬೇರೆ ಶನಿವಾರಕ್ಕೆ ಇಟ್ಟರೆ ಜತೆಗೆ ಸಿಯೆನಾ ಸೇರಿಸಬಹುದಾ?

ಪೆರ್ಲದಣ್ಣ:
ಧಾರಾಳ. ರೈಲಿನಲ್ಲಿ ಪೊಜ್ಜಿಬೊನ್ಸಿ, ಅಲ್ಲಿ ನಿಲ್ದಾಣದ ಹೊರಗಿನಿಂದ 130ನೇ ಬಸ್ಸು, ಅರ್ಧ ಗಂಟೆಯೊಳಗೆ ಸಾನ್ ಜಿಮಿನ್ಯಾನೊದ ಕೋಟೆಬಾಗಿಲು. ಬಸ್ಸಿನ ಟಿಕೆಟನ್ನು ‘T’ ಅಕ್ಷರದ ಫಲಕ ಇರುವ ತಂಬಾಕಿನ ಅಂಗಡಿಯಲ್ಲಿ ಹೋಗಿ ಬರಲು ಎರಡೂ ಒಟ್ಟಿಗೆ ತೆಗೆಯಿರಿ, ಮೇಲೆ ಅಂಗಡಿ ಮುಚ್ಚಿದ್ದರೆ ಕಷ್ಟ. ಉಳಿದಿರುವ 14 ಗೋಪುರಗಳಲ್ಲಿ ಎತ್ತರದ್ದು 54 ಮೀಟರಿನ ತೊರ್ರೆ ಗ್ರೊಸ್ಸಾ, ಹತ್ತುವುದಾದರೆ ಅದನ್ನೇ. ಮಧ್ಯಾಹ್ನದ ಮೇಲೆ ಸಿಯೆನಾ. ಸಿಯೆನಾದಿಂದ ವಾಪಸಿಗೆ ರೈಲು ಬೇಡ, ನಿಲ್ದಾಣ ಊರಿನ ಕೆಳಗೆ ಉಂಟು. ಊರಿನ ಮೇಲಿನಿಂದಲೇ 131ರ ‘ರಾಪಿದಾ’ (ವೇಗದ) ಬಸ್ಸು ಫ್ಲಾರೆನ್ಸಿಗೆ ಒಂದೂಕಾಲು ಗಂಟೆ.

ಒರ್ವಿಯೇತೊದಿಂದ ಬರುವಾಗ ಒಂದು ಜಾಗ್ರತೆ: ಅದೇ ಹಳಿಯಲ್ಲಿ ಇಂಟರ್‌ಸಿಟಿಯೂ ಬರುತ್ತದೆ, ರೆಜೊನಾಲೆ ಟಿಕೆಟಿಗೆ ಅದನ್ನು ಹತ್ತುವಂತಿಲ್ಲ. ಕೆಲವು ಇಂಟರ್‌ಸಿಟಿ ಫ್ಲಾರೆನ್ಸಿನ ಮುಖ್ಯ ನಿಲ್ದಾಣ ಸಾಂತಾ ಮರಿಯಾ ನೊವೆಲ್ಲಾಕ್ಕೆ ಬರದೆ, ಅದೇ ಊರಿನ ಇನ್ನೊಂದು ನಿಲ್ದಾಣ ಕಾಂಪೊ ದಿ ಮಾರ್ತೆಯಲ್ಲಿ ನಿಂತು ಮುಂದೆ ಹೋಗುತ್ತವೆ. ಬೋರ್ಡಿನಲ್ಲಿ ರೈಲಿನ ನಂಬರು ನೋಡಿಯೇ ಹತ್ತಿ.